ಡಿಎಲ್ ಟೆಸ್ಟ್ ಮುಗಿದ ದಿನವೇ ನಿಮ್ಮ ಫಲಿತಾಂಶ ಸಾರಥಿಯಲ್ಲಿ ಸರಿಯಾಗಿ ಬಿದ್ದಿದೆಯಾ ನೋಡಿಕೊಳ್ಳಿ

ನನ್ನ ತಂಗಿ ಬೈಕಿಗೂ ಕಾರಿಗೂ ಒಂದೇ ದಿನ ಡಿಎಲ್ ಟೆಸ್ಟ್ ಕೊಟ್ಟಳು. ಬೈಕಿನಲ್ಲಿ ಎಂಟು ಹಾಕಿದಳು, ಒಮ್ಮೆಯೂ ಕಾಲು ಊರಲಿಲ್ಲ. ಕಾರನ್ನು ರಿವರ್ಸ್ ತೆಗೆದಳು, ಕಂಬಕ್ಕೆ ತಾಗಲಿಲ್ಲ. ಟೆಸ್ಟ್ ಮಾಡಿದವರು ಕಿಟಕಿ ಹತ್ತಿರ ಬಂದು "ಆಯ್ತಮ್ಮ, ಎರಡೂ ಪಾಸ್, ಹೊರಡಿ" ಎಂದರು. ಖುಷಿಯಿಂದ ಮನೆಗೆ ಬಂದೆವು. ಒಂದು ತಿಂಗಳಾಯಿತು, ಕಾರ್ಡ್ ಬರಲಿಲ್ಲ. ಕೊನೆಗೆ ಆನ್‌ಲೈನ್‌ನಲ್ಲಿ ನೋಡಿದರೆ ಅರ್ಜಿ ಟೆಸ್ಟ್ ಹಂತದಲ್ಲೇ ನಿಂತಿದೆ. ಕಚೇರಿಗೆ ಹೋಗಿ ವಿಚಾರಿಸಿದಾಗ ಗೊತ್ತಾಗಿದ್ದು ಇಷ್ಟು: ಕಂಪ್ಯೂಟರಿನಲ್ಲಿ ಬೈಕಿನ ಎದುರು ಪಾಸ್ ಇತ್ತು, ಕಾರಿನ ಎದುರು ಫೇಲ್ ಇತ್ತು. "ಅವತ್ತೇ ಬಂದು ಹೇಳಿದ್ದರೆ ನೋಡಬಹುದಿತ್ತು" ಎಂದರು. ಅಷ್ಟು ಹೊತ್ತಿಗೆ ಆ ದಿನದ ಟೆಸ್ಟ್ ಯಾರಿಗೂ ನೆನಪಿಲ್ಲ, ಅವಳ ಎಲ್‌ಎಲ್, ಅಂದರೆ ಕಲಿಯುವವರ ಲೈಸೆನ್ಸ್, ಮುಗಿಯಲು ಉಳಿದಿದ್ದು 11 ದಿನ. ಮತ್ತೆ ಫೀ ಕಟ್ಟಿ, ಸ್ಲಾಟ್ ಹಿಡಿದು, ಓಡಾಡಿ, ಕಾರಿನ ಟೆಸ್ಟನ್ನು ಎರಡನೇ ಸಲ ಕೊಟ್ಟಳು.

ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಟ್ರ್ಯಾಕಿನಲ್ಲಿ ಬಾಯಿಮಾತಲ್ಲಿ ಹೇಳಿದ್ದು ನಿಮ್ಮ ಫಲಿತಾಂಶ ಅಲ್ಲ. ಕಂಪ್ಯೂಟರಿನಲ್ಲಿ ಏನು ಬಿದ್ದಿದೆಯೋ ಅದೇ ಫಲಿತಾಂಶ. ಅದನ್ನು ಅವತ್ತು ಸಂಜೆಯೇ ನೀವೇ ನೋಡಬಹುದು, ಐದು ನಿಮಿಷದ ಕೆಲಸ.

ಎಲ್ಲಿ ದಾಖಲಾಗುತ್ತದೆ?

ದೇಶದ ಬಹುತೇಕ ಕಡೆಯ ಹಾಗೆ ಕರ್ನಾಟಕದಲ್ಲೂ ಡ್ರೈವಿಂಗ್ ಲೈಸೆನ್ಸ್ ಕೆಲಸ ನಡೆಯುವುದು ಸಾರಥಿ ಎಂಬ ತಂತ್ರಾಂಶದಲ್ಲಿ. ಅದನ್ನು ಕಟ್ಟಿದ್ದು ಎನ್‌ಐಸಿ, ಅಂದರೆ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ. ಗಾಡಿ ನೋಂದಣಿಗೆ ವಾಹನ್, ಲೈಸೆನ್ಸ್‌ಗೆ ಸಾರಥಿ. ಎರಡೂ ಪರಿವಾಹನ್ ಎಂಬ ಒಂದೇ ಪೋರ್ಟಲ್‌ನಿಂದ ತೆರೆದುಕೊಳ್ಳುತ್ತವೆ. ನೀವು ಎಲ್‌ಎಲ್‌ಗೆ ಅರ್ಜಿ ಹಾಕಿದ ದಿನದಿಂದ ಕಾರ್ಡ್ ಅಂಚೆಗೆ ಬೀಳುವ ದಿನದವರೆಗೆ ನಡೆಯುವ ಎಲ್ಲವೂ ಅಲ್ಲಿ ಹಂತ ಹಂತವಾಗಿ ಕೂರುತ್ತದೆ. ಟೆಸ್ಟ್ ಫಲಿತಾಂಶವೂ ಅದರಲ್ಲಿ ಒಂದು ಹಂತ, ಅಷ್ಟೇ. ಆ ಹಂತ ಮುಗಿಯದೆ ಅರ್ಜಿ ಮುಂದಕ್ಕೆ ಹೋಗುವುದಿಲ್ಲ.

ಇಲ್ಲಿ ಒಂದು ವಿಷಯ ಬಹಳ ಜನಕ್ಕೆ ಗೊತ್ತಿರುವುದಿಲ್ಲ. ಫಲಿತಾಂಶ ದಾಖಲಾಗುವುದು ಮನುಷ್ಯನಿಗೆ ಒಂದು ಎಂದಲ್ಲ, ವಾಹನದ ವರ್ಗಕ್ಕೆ ಒಂದು. ಗೇರ್ ಇರುವ ಬೈಕಿಗೆ ಎಂಸಿಡಬ್ಲ್ಯೂಜಿ, ಗೇರ್ ಇಲ್ಲದ್ದಕ್ಕೆ ಎಂಸಿಡಬ್ಲ್ಯೂಒಜಿ, ಕಾರಿಗೆ ಎಲ್‌ಎಂವಿ. ಟೆಸ್ಟ್ ಫೀ ಕೂಡ ಹಾಗೇ, ಕೇಂದ್ರದ ನಿಯಮದ ಪ್ರಕಾರ ಪ್ರತಿ ವರ್ಗಕ್ಕೂ 300 ರೂಪಾಯಿ. ಹಾಗಾಗಿ ಎರಡು ವರ್ಗಕ್ಕೆ ಟೆಸ್ಟ್ ಕೊಟ್ಟವರು ಎರಡು ಫಲಿತಾಂಶ ನೋಡಬೇಕು. "ಪಾಸ್ ಆಯ್ತು" ಎಂದು ಒಂದೇ ಮಾತಿನಲ್ಲಿ ಮುಗಿಸಿಬಿಡಬೇಡಿ.

ಯಾರು ಬರೆಯುತ್ತಾರೆ?

ಸಾಮಾನ್ಯ ಟ್ರ್ಯಾಕಿನಲ್ಲಿ ಮೋಟಾರು ವಾಹನ ನಿರೀಕ್ಷಕರು ನಿಮ್ಮ ಓಡಿಸುವಿಕೆ ನೋಡಿ ತೀರ್ಮಾನ ಮಾಡುತ್ತಾರೆ. ಏನು ನೋಡಬೇಕು ಎನ್ನುವುದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳ 15ನೇ ನಿಯಮದಲ್ಲಿದೆ. ಕನ್ನಡಿ ಸರಿಮಾಡಿಕೊಂಡರಾ, ಎಂಜಿನ್ ಶುರು ಮಾಡುವ ಮುಂಚೆ ಎಚ್ಚರ ವಹಿಸಿದರಾ, ಗೇರ್ ಸರಿಯಾಗಿ ಬದಲಿಸಿದರಾ, ಏರಿನಲ್ಲಿ ನಿಲ್ಲಿಸಿ ಹಿಂದಕ್ಕೆ ಜಾರದೆ ಹೊರಟರಾ, ತಿರುಗುವ ಮುಂಚೆ ಸಿಗ್ನಲ್ ಕೊಟ್ಟರಾ, ರಿವರ್ಸ್ ಹಿಡಿತದಲ್ಲಿತ್ತಾ, ಹೀಗೆ ಉದ್ದದ ಪಟ್ಟಿ ಅದು. ಟೆಸ್ಟ್‌ಗೆ ಹೋಗುವ ಮುಂಚೆ ಒಮ್ಮೆ ಓದಿಕೊಳ್ಳಿ. ಫೇಲ್ ಆದರೆ ಯಾವುದಕ್ಕೆ ಆದೆ ಎಂದು ಕೇಳಲು ಆಗ ನಿಮ್ಮ ಬಾಯಲ್ಲೂ ಮಾತಿರುತ್ತದೆ.

ನೋಡಿದ ಮೇಲೆ ನಿರೀಕ್ಷಕರು ತಮ್ಮ ಲಾಗಿನ್‌ನಿಂದ ಫಲಿತಾಂಶ ನಮೂದಿಸುತ್ತಾರೆ. ತೊಂದರೆ ಹುಟ್ಟುವ ಜಾಗ ಇದೇ. ಟ್ರ್ಯಾಕ್ ಒಂದು ಕಡೆ, ಕಂಪ್ಯೂಟರ್ ಇನ್ನೊಂದು ಕಡೆ ಇದ್ದರೆ ಮೊದಲು ಕಾಗದದ ಮೇಲೆ ಗುರುತು ಹಾಕಿಕೊಳ್ಳುತ್ತಾರೆ, ಆಮೇಲೆ ಕುಳಿತು ಒಟ್ಟಿಗೆ ಏರಿಸುತ್ತಾರೆ. ಒಂದೇ ಹೆಸರಿನ ಇಬ್ಬರು ಇರುತ್ತಾರೆ, ಒಂದು ಸಾಲು ಮೇಲೆ ಕೆಳಗೆ ಆಗುತ್ತದೆ, ನೆಟ್ ಕೈಕೊಡುತ್ತದೆ. ಯಾರೂ ಬೇಕೆಂದು ಮಾಡಿದ್ದಲ್ಲ, ಆದರೆ ಓಡಾಡಬೇಕಾದವರು ನಾವು.

ಸ್ವಯಂಚಾಲಿತ ಟ್ರ್ಯಾಕಿನ ಕಥೆ ಬೇರೆ. ಬೆಂಗಳೂರಿನ ಜ್ಞಾನಭಾರತಿ ಆರ್‌ಟಿಒಗೆ ಸೇರಿದ ಮಲ್ಲತ್ತಹಳ್ಳಿಯ ಟ್ರ್ಯಾಕ್ ಈ ಬಗೆಯದು. ಇಂಥ ಕಡೆ ಎಂಟರ ಆಕಾರ, ರಿವರ್ಸ್‌ಗೆ ಎಸ್ ಆಕಾರ, ಪಕ್ಕಕ್ಕೆ ನಿಲ್ಲಿಸುವ ಜಾಗ, ಏರು ದಿಬ್ಬ, ಹೀಗೆ ಭಾಗಗಳಿರುತ್ತವೆ. ಅಂಚಿನಲ್ಲಿ ಸೆನ್ಸರ್ ಇರುವ ಕಂಬಗಳು, ಮೇಲೆ ಕ್ಯಾಮೆರಾ. ಚಕ್ರ ಅಂಚು ಮುಟ್ಟಿತಾ, ನಡುವೆ ಎಷ್ಟು ಸಲ ನಿಲ್ಲಿಸಿದರು, ಎಷ್ಟು ಹೊತ್ತು ತೆಗೆದುಕೊಂಡರು ಎಂಬುದನ್ನು ಯಂತ್ರವೇ ಎಣಿಸುತ್ತದೆ.

ದಿಬ್ಬದ ಭಾಗವನ್ನೇ ತೆಗೆದುಕೊಳ್ಳಿ. ಕಾರು ಅರ್ಧ ಏರಿನಲ್ಲಿ ನಿಲ್ಲುತ್ತದೆ. ಹ್ಯಾಂಡ್‌ಬ್ರೇಕ್ ಮೇಲಿದೆ. ಕ್ಲಚ್ ನಿಧಾನಕ್ಕೆ ಬಿಡುತ್ತಾ ಬಂದಾಗ ಬಾನೆಟ್ ಸ್ವಲ್ಪ ಮೇಲೆದ್ದ ಹಾಗೆ ಅನಿಸುತ್ತದೆ, ಎಂಜಿನ್ ಸದ್ದು ದಪ್ಪವಾಗುತ್ತದೆ, ಆಗ ಹ್ಯಾಂಡ್‌ಬ್ರೇಕ್ ಇಳಿಸಬೇಕು. ಒಂದು ಕ್ಷಣ ಮೊದಲೇ ಇಳಿಸಿದರೆ ಕಾರು ಹಿಂದಕ್ಕೆ ಜಾರುತ್ತದೆ. ಪಕ್ಕದಲ್ಲಿ ಕುಳಿತ ಮನುಷ್ಯನ ಕಣ್ಣಿಗೆ ಆ ಜಾರು ಕಾಣದೇ ಹೋಗಬಹುದು, ಸೆನ್ಸರ್‌ಗೆ ಕಾಣುತ್ತದೆ. ಮುಲಾಜಿಲ್ಲ, ಹಗೆಯೂ ಇಲ್ಲ. ನನಗೆ ಈ ವ್ಯವಸ್ಥೆಯೇ ಜಾಸ್ತಿ ಇಷ್ಟ. ಯಾಕೆಂದರೆ ಫೇಲ್ ಆದರೂ ಎಲ್ಲಿ ಎಡವಿದೆ ಎನ್ನುವುದಕ್ಕೆ ಲೆಕ್ಕ ಇರುತ್ತದೆ.

ಇದರ ಮುಂದಿನ ಹೆಜ್ಜೆಯೂ ನಮ್ಮಲ್ಲೇ ಹುಟ್ಟಿದ್ದು. ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಇಂಡಿಯಾದಲ್ಲಿ ಹ್ಯಾಮ್ಸ್ ಎಂಬ ವ್ಯವಸ್ಥೆ ರೂಪಿಸಿದರು. ಕಾರಿನ ಮುಂಗಾಜಿಗೆ ಒಂದು ಸ್ಮಾರ್ಟ್‌ಫೋನ್ ಕೂರಿಸುತ್ತಾರೆ. ಅದರ ಒಂದು ಕ್ಯಾಮೆರಾ ಚಾಲಕನ ಕಡೆ, ಇನ್ನೊಂದು ರಸ್ತೆಯ ಕಡೆ. ಸೀಟ್‌ಬೆಲ್ಟ್ ಹಾಕಿದ್ದಾರಾ, ಕನ್ನಡಿ ನೋಡಿದರಾ, ಟೆಸ್ಟ್ ಕೊಡುತ್ತಿರುವವರು ಅರ್ಜಿ ಹಾಕಿದ ವ್ಯಕ್ತಿಯೇನಾ, ಎಲ್ಲವನ್ನೂ ಅದು ಗಮನಿಸುತ್ತದೆ. 2019ರಲ್ಲಿ ಡೆಹ್ರಾಡೂನ್‌ನಲ್ಲಿ ಇದನ್ನು ಬಳಸಿ ಲೈಸೆನ್ಸ್ ಟೆಸ್ಟ್ ಶುರು ಮಾಡಿದರು.

ಟೆಸ್ಟ್‌ಗೆ ಹೋಗುವ ಮುಂಚೆಯೇ ಮಾಡಬೇಕಾದ ಒಂದು ಕೆಲಸ

ಅರ್ಜಿಯಲ್ಲಿ ಯಾರ ಮೊಬೈಲ್ ನಂಬರ್ ಇದೆ ನೋಡಿ. ಡ್ರೈವಿಂಗ್ ಸ್ಕೂಲ್ ಮೂಲಕ ಹೋದವರು ಇದನ್ನು ತಪ್ಪದೆ ನೋಡಬೇಕು. ಎಷ್ಟೋ ಕಡೆ ಸ್ಕೂಲಿನವರು ತಮ್ಮದೇ ನಂಬರ್ ಹಾಕಿಬಿಡುತ್ತಾರೆ, ಒಟಿಪಿ ಬಂದಾಗಲೆಲ್ಲ ನಿಮ್ಮನ್ನು ಕೇಳುವುದು ತಪ್ಪುತ್ತದೆ ಎಂದು. ಆಗ ಎಸ್‌ಎಂಎಸ್ ಎಲ್ಲ ಅವರಿಗೇ ಹೋಗುತ್ತದೆ, ನಿಮಗೆ ಏನೂ ಗೊತ್ತಾಗುವುದಿಲ್ಲ. ನಂಬರ್ ಬದಲಿಸಲು ಸಾರಥಿಯಲ್ಲೇ ಮೊಬೈಲ್ ನಂಬರ್ ಅಪ್‌ಡೇಟ್ ಎಂಬ ಸೇವೆ ಇದೆ. ಅರ್ಜಿ ಸಂಖ್ಯೆಯನ್ನೂ ಕೇಳಿ ಇಸ್ಕೊಳ್ಳಿ. "ಅದೆಲ್ಲ ನಾವು ನೋಡ್ಕೊತೀವಿ" ಎಂದರೆ ಒಪ್ಪಬೇಡಿ. ಆ ಸಂಖ್ಯೆ ನಿಮ್ಮದು.

ಜೊತೆಗೆ ಹೆಸರು, ಹುಟ್ಟಿದ ದಿನ, ವಿಳಾಸ ಆಧಾರ್‌ನಲ್ಲಿ ಇರುವ ಹಾಗೇ ಇದೆಯಾ ನೋಡಿ. ಒಂದು ಅಕ್ಷರ ಆಚೀಚೆ ಆಗಿದ್ದರೂ ಈಗಲೇ ಹೇಳಿ. ಕಾರ್ಡ್ ಆದ ಮೇಲೆ ತಿದ್ದಿಸುವುದಕ್ಕೆ ಬೇರೆ ಅರ್ಜಿ, ಬೇರೆ ಫೀ.

ಸಂಜೆ ನೋಡುವುದು ಹೇಗೆ?

ಟೆಸ್ಟ್ ಮುಗಿದ ಕೂಡಲೇ, ಅಲ್ಲಿಂದ ಹೊರಡುವ ಮುಂಚೆ ನಿರೀಕ್ಷಕರನ್ನು ಮರ್ಯಾದೆಯಿಂದ ಒಂದೇ ಪ್ರಶ್ನೆ ಕೇಳಿ: "ಸರ್, ಎರಡೂ ವರ್ಗಕ್ಕೆ ಎಂಟ್ರಿ ಆಯ್ತಾ?" ಪಾಸಾ ಎಂದು ಕೇಳುವುದಕ್ಕಿಂತ ಈ ಪ್ರಶ್ನೆ ಒಳ್ಳೆಯದು.

ಆಮೇಲೆ ಮನೆಗೆ ಬಂದು ಪರಿವಾಹನ್ ಪೋರ್ಟಲ್ ತೆರೆಯಿರಿ. ಹುಡುಕುವಾಗ ಹೆಸರಿನ ಕೊನೆಯಲ್ಲಿ ಗವ್ ಡಾಟ್ ಇನ್ ಇದೆಯಾ ನೋಡಿ, ಅದೇ ಹೆಸರಿಗೆ ಹತ್ತಿರದ ನಕಲಿ ಸೈಟುಗಳು ಇರುತ್ತವೆ, ಅಲ್ಲಿ ದುಡ್ಡು ಕಟ್ಟಿದರೆ ಹೋಯಿತು. ಡ್ರೈವಿಂಗ್ ಲೈಸೆನ್ಸ್ ಸೇವೆ ಒತ್ತಿ, ರಾಜ್ಯ ಕರ್ನಾಟಕ ಎಂದು ಆರಿಸಿ, ಅಪ್ಲಿಕೇಶನ್ ಸ್ಟೇಟಸ್‌ಗೆ ಹೋಗಿ. ಅರ್ಜಿ ಸಂಖ್ಯೆ, ಹುಟ್ಟಿದ ದಿನಾಂಕ, ಪಕ್ಕದ ಚಿತ್ರದಲ್ಲಿರುವ ಅಕ್ಷರಗಳು, ಇಷ್ಟು ಕೊಟ್ಟರೆ ಸಾಕು. ಲಾಗಿನ್ ಬೇಡ, ಫೀ ಇಲ್ಲ.

ಪುಟದಲ್ಲಿ ಯಾವ ಹಂತ ಮುಗಿದಿದೆ, ಯಾವುದು ಬಾಕಿ ಇದೆ ಎಂದು ಕಾಣುತ್ತದೆ. ಟೆಸ್ಟ್ ಹಂತ ಮುಗಿದು ಅಪ್ರೂವಲ್ ಬಾಕಿ ಎಂದಿದ್ದರೆ ಫಲಿತಾಂಶ ಏರಿದೆ, ಅರ್ಜಿ ಮುಂದಕ್ಕೆ ಹೋಗಿದೆ. ಟೆಸ್ಟ್ ಹಂತವೇ ಬಾಕಿ ಎಂದು ತೋರಿಸುತ್ತಿದ್ದರೆ ಒಂದೋ ಇನ್ನೂ ನಮೂದಿಸಿಲ್ಲ, ಇಲ್ಲವೇ ಯಾವುದೋ ವರ್ಗಕ್ಕೆ ಪಾಸ್ ಆಗಿಲ್ಲ. ಅವತ್ತು ಸಂಜೆ ಹಾಗಿದ್ದರೆ ಗಾಬರಿ ಬೇಡ, ಮರುದಿನ ಬೆಳಿಗ್ಗೆ ಮತ್ತೆ ನೋಡಿ. ಆಗಲೂ ಹಾಗೇ ಇದ್ದರೆ ಫೋನ್ ಮಾಡಿ ಕೂರಬೇಡಿ, ನೇರ ಹೋಗಿ. ಟೆಸ್ಟ್ ಮಾಡಿದವರಿಗೆ ನಿಮ್ಮ ಮುಖ ನೆನಪಿರುವುದು ಒಂದೆರಡು ದಿನ ಮಾತ್ರ, ಅವರು ಗುರುತು ಹಾಕಿದ ಕಾಗದ ಮೇಜಿನ ಮೇಲೆ ಇರುವುದೂ ಅಷ್ಟೇ ದಿನ.

ಹೋಗುವಾಗ ಸ್ಲಾಟ್ ಬುಕ್ ಮಾಡಿದ ಕಾಗದ, ಫೀ ರಸೀದಿ, ಎಲ್‌ಎಲ್, ಸ್ಟೇಟಸ್ ಪುಟದ ಸ್ಕ್ರೀನ್‌ಶಾಟ್ ತೆಗೆದುಕೊಂಡು ಹೋಗಿ. ಸ್ಕ್ರೀನ್‌ಶಾಟ್‌ನಲ್ಲಿ ದಿನಾಂಕ ಮತ್ತು ಸಮಯ ಕಾಣಬೇಕು. ಬಾಯಲ್ಲಿ ಹೇಳುವುದರ ಜೊತೆಗೆ ಒಂದು ಪುಟದ ಮನವಿ ಬರೆದು ಕೊಟ್ಟು, ಅದರ ಪ್ರತಿಯ ಮೇಲೆ ಸೀಲು ಹಾಕಿಸಿಕೊಳ್ಳಿ. ನನ್ನ ತಂಗಿ ಇದನ್ನು ಮಾಡಿರಲಿಲ್ಲ. ಮೂರು ಸಲ ಹೋಗಿದ್ದಳು, ಆದರೆ ಹೋಗಿದ್ದಕ್ಕೆ ಒಂದೂ ಗುರುತಿರಲಿಲ್ಲ.

ನಿಜವಾಗಿಯೂ ಫೇಲ್ ಆಗಿದ್ದರೆ

ಮೋಟಾರು ವಾಹನ ಕಾಯ್ದೆಯ 9ನೇ ಸೆಕ್ಷನ್ ಪ್ರಕಾರ 7 ದಿನ ಬಿಟ್ಟು ಮತ್ತೆ ಟೆಸ್ಟ್ ಕೊಡಬಹುದು. ಮೂರು ಸಲವೂ ಪಾಸ್ ಆಗದಿದ್ದರೆ ಕೊನೆಯ ಟೆಸ್ಟ್‌ನಿಂದ 60 ದಿನ ಕಾಯಬೇಕು, ಅದರ ಜೊತೆಗೆ ತರಬೇತಿಯನ್ನೂ ಮುಗಿಸಬೇಕು. ತರಬೇತಿಯ ಷರತ್ತು 2019ರ ತಿದ್ದುಪಡಿಯಲ್ಲಿ ಸೇರಿದ್ದು. ಈಗ ಗೊತ್ತಾಯ್ತಲ್ವಾ, ಕಂಪ್ಯೂಟರಿನಲ್ಲಿ ತಪ್ಪಾಗಿ ಬಿದ್ದ ಒಂದು ಫೇಲ್ ಯಾಕೆ ಸಣ್ಣ ವಿಷಯ ಅಲ್ಲ ಅಂತ. ಅದು ನಿಮ್ಮ ಮೂರು ಅವಕಾಶದಲ್ಲಿ ಒಂದನ್ನು ತಿಂದುಹಾಕುತ್ತದೆ.

ಇನ್ನೊಂದು ಲೆಕ್ಕ ಎಲ್‌ಎಲ್‌ನದು. ಅದಕ್ಕೆ 6 ತಿಂಗಳ ಆಯಸ್ಸು. ಎಲ್‌ಎಲ್ ಸಿಕ್ಕ 30 ದಿನದ ಮೇಲೆ ಮಾತ್ರ ಡಿಎಲ್ ಟೆಸ್ಟ್. ಅಂದರೆ ನಿಮ್ಮ ಕೈಯಲ್ಲಿ ಇರುವುದು ಸುಮಾರು 5 ತಿಂಗಳು. ಸ್ಲಾಟ್ ಸಿಗುವುದು ತಡವಾಗುವ ಊರಿನಲ್ಲಿ ಇದು ಬೇಗ ಕರಗಿಹೋಗುತ್ತದೆ. ಮುಗಿದರೆ ಮತ್ತೆ ಎಲ್‌ಎಲ್‌ನಿಂದಲೇ ಶುರು. ಆದ್ದರಿಂದ ಮೊದಲ ಟೆಸ್ಟನ್ನು ಐದನೇ ತಿಂಗಳಿಗೆ ತಳ್ಳಬೇಡಿ. ಎರಡನೇ, ಮೂರನೇ ತಿಂಗಳಲ್ಲೇ ಕೊಟ್ಟುಬಿಡಿ.

ಫಲಿತಾಂಶ ಒಪ್ಪಿಗೆ ಇಲ್ಲ, ಅನ್ಯಾಯ ಆಗಿದೆ ಎಂದು ಅನಿಸಿದರೆ ಏನು ಮಾಡುವುದು? ಲೈಸೆನ್ಸ್ ಕೊಡುವುದಿಲ್ಲ ಎಂದು ಪ್ರಾಧಿಕಾರ ತೀರ್ಮಾನಿಸಿದರೆ ಕಾರಣಗಳನ್ನು ಬರೆದು ಆದೇಶ ಕೊಡಬೇಕು ಎಂದು ಕಾಯ್ದೆಯ 17ನೇ ಸೆಕ್ಷನ್ ಹೇಳುತ್ತದೆ. ಆ ಆದೇಶ ಕೈಸೇರಿದ 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಟೆಸ್ಟ್‌ನ ದಾಖಲೆ ಬೇಕಿದ್ದರೆ ಆರ್‌ಟಿಐ, ಅಂದರೆ ಮಾಹಿತಿ ಹಕ್ಕಿನ ದಾರಿ ಇದೆ. 10 ರೂಪಾಯಿ ಫೀ, 30 ದಿನದಲ್ಲಿ ಉತ್ತರ ಬರಬೇಕು. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, ಅದೂ 150 ಪದದೊಳಗೆ ಇರಬೇಕು. ಹಾಗಾಗಿ ಸುಮ್ನೆ ಕಥೆ ಬರೆಯಬೇಡಿ. ನನ್ನ ಅರ್ಜಿ ಸಂಖ್ಯೆ ಇದು, ಈ ದಿನ ಈ ವರ್ಗಕ್ಕೆ ಟೆಸ್ಟ್ ಕೊಟ್ಟಿದ್ದೇನೆ, ನನ್ನ ಮೌಲ್ಯಮಾಪನದ ಹಾಳೆ, ಸಾರಥಿಯಲ್ಲಿ ನಮೂದಾದ ಫಲಿತಾಂಶ ಮತ್ತು ಅದನ್ನು ನಮೂದಿಸಿದ ಸಮಯದ ಪ್ರತಿ ಕೊಡಿ ಎಂದು ಕೇಳಿದರೆ ಸಾಕು. ಸ್ವಯಂಚಾಲಿತ ಟ್ರ್ಯಾಕ್ ಆದರೆ ವಿಡಿಯೋ ಕೂಡ ಕೇಳಿ. ಆದರೆ ತಡಮಾಡಬೇಡಿ, ವಿಡಿಯೋವನ್ನು ಯಾರೂ ವರ್ಷಗಟ್ಟಲೆ ಇಟ್ಟುಕೊಂಡು ಕೂರುವುದಿಲ್ಲ.

ಮಾನ್ಯತೆ ಪಡೆದ ಚಾಲಕ ತರಬೇತಿ ಕೇಂದ್ರದಲ್ಲಿ ಕಲಿತು 5ಬಿ ನಮೂನೆಯ ಪ್ರಮಾಣಪತ್ರ ಪಡೆದವರಿಗೆ ಆರ್‌ಟಿಒದಲ್ಲಿ ಟೆಸ್ಟ್ ಬೇಡ. ಈ ನಿಯಮ 2021ರ ಜುಲೈನಿಂದ ಇದೆ. ಎಲ್ಲ ಡ್ರೈವಿಂಗ್ ಸ್ಕೂಲುಗಳೂ ಈ ಸಾಲಿಗೆ ಸೇರುವುದಿಲ್ಲ, ಸೇರುವ ಮುಂಚೆ ಮಾನ್ಯತೆ ಪತ್ರ ತೋರಿಸಿ ಎಂದು ಕೇಳಿ.

ಪಾಸ್ ಆದ ಮೇಲೆ ಇನ್ನೊಂದು ಸಲ ನೋಡಿ

ಅಪ್ರೂವಲ್ ಆದ ಕೂಡಲೇ ಡಿಎಲ್ ಸಂಖ್ಯೆ ಹುಟ್ಟುತ್ತದೆ. ಕಾರ್ಡ್ ಬರುವ ತನಕ ಕಾಯಬೇಕಿಲ್ಲ. ಸಂಖ್ಯೆಯನ್ನು ಓದುವುದೂ ಸುಲಭ: ಮೊದಲು ಕೆಎ, ಆಮೇಲೆ ಆರ್‌ಟಿಒದ ಎರಡು ಅಂಕಿ, ಉದಾಹರಣೆಗೆ ಜ್ಞಾನಭಾರತಿಗೆ 41, ಆಮೇಲೆ ಲೈಸೆನ್ಸ್ ಮೊದಲು ಕೊಟ್ಟ ವರ್ಷದ ನಾಲ್ಕು ಅಂಕಿ, ಕೊನೆಯಲ್ಲಿ ಏಳು ಅಂಕಿ.

ಪರಿವಾಹನ್‌ನಲ್ಲಿ ಲೈಸೆನ್ಸ್ ವಿವರ ತಿಳಿಯುವ ಪುಟಕ್ಕೆ ಹೋಗಿ ಆ ಸಂಖ್ಯೆ ಮತ್ತು ಹುಟ್ಟಿದ ದಿನಾಂಕ ಕೊಡಿ. ಮೊದಲು ವಾಹನ ವರ್ಗಗಳ ಸಾಲುಗಳನ್ನು ನೋಡಿ. ನೀವು ಪಾಸ್ ಆದ ಪ್ರತಿ ವರ್ಗಕ್ಕೂ ಒಂದು ಸಾಲು, ಅದರ ಎದುರು ಕೊಟ್ಟ ದಿನಾಂಕ ಇರಬೇಕು. ಕಾರಿನ ಸಾಲೇ ಇಲ್ಲದಿದ್ದರೆ, ನೀವು ಎಷ್ಟೇ ಚೆನ್ನಾಗಿ ಕಾರು ಓಡಿಸಿದರೂ ದಾಖಲೆಯಲ್ಲಿ ನಿಮಗೆ ಕಾರಿನ ಲೈಸೆನ್ಸ್ ಇಲ್ಲ. ನಾಳೆ ಅಪಘಾತ ಆದರೆ ಇನ್ಶೂರೆನ್ಸ್‌ನವರು ಮೊದಲು ಹಿಡಿಯುವುದು ಅದನ್ನೇ.

ಆಮೇಲೆ ಅವಧಿ. ಲೈಸೆನ್ಸ್ ಕೊಟ್ಟಾಗ 30 ವರ್ಷ ತುಂಬಿರದಿದ್ದರೆ ಸ್ವಂತ ಬಳಕೆಯ ಲೈಸೆನ್ಸ್ 40 ತುಂಬುವವರೆಗೆ ನಡೆಯುತ್ತದೆ. 30ರಿಂದ 50ರ ನಡುವಿನವರಿಗೆ 10 ವರ್ಷ. ಈ ಲೆಕ್ಕ ನಿಮ್ಮ ಹುಟ್ಟಿದ ದಿನದಿಂದ ಬರುವುದರಿಂದ ಅವಧಿ ವಿಚಿತ್ರವಾಗಿ ಕಂಡರೆ ಹುಟ್ಟಿದ ದಿನ ತಪ್ಪಾಗಿ ಏರಿರಬಹುದು ಎಂದು ಅನುಮಾನಪಡಿ.

ಡಿಜಿಲಾಕರ್‌ನಲ್ಲಿ ಲೈಸೆನ್ಸ್ ಇಳಿಸಿಕೊಳ್ಳುವುದು ನನಗೆ ಒಳ್ಳೆಯ ಪರೀಕ್ಷೆ ಅನಿಸುತ್ತದೆ. ಅಲ್ಲಿ ಬಂತು ಎಂದರೆ ಸಾರಥಿಯಲ್ಲಿ ದಾಖಲೆ ಇದೆ, ನಿಮ್ಮ ಹೆಸರೂ ಹೊಂದಿಕೆಯಾಗಿದೆ. ಬರದೆ ಹೆಸರು ಹೊಂದುತ್ತಿಲ್ಲ ಎಂದರೆ ಆಧಾರ್‌ಗೂ ಲೈಸೆನ್ಸ್‌ಗೂ ಎಲ್ಲೋ ವ್ಯತ್ಯಾಸ ಇದೆ. ಪೊಲೀಸರು ಕೇಳಿದಾಗ ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿರುವ ಲೈಸೆನ್ಸ್ ತೋರಿಸಿದರೂ ನಡೆಯುತ್ತದೆ. ಗ್ಯಾಲರಿಯಲ್ಲಿರುವ ಫೋಟೋ ಮಾತ್ರ ನಡೆಯುವುದಿಲ್ಲ.

ಕಾರ್ಡ್ ಸ್ಪೀಡ್ ಪೋಸ್ಟ್‌ನಲ್ಲಿ ಬರುತ್ತದೆ. ಬಾಗಿಲು ಹಾಕಿದ್ದರೆ ಅಥವಾ ಮನೆ ಬದಲಿಸಿದ್ದರೆ ವಾಪಸ್ ಹೋಗುತ್ತದೆ, ಆಗ ಕಚೇರಿಯಲ್ಲಿ ವಿಚಾರಿಸಬೇಕು.

ಕೊನೆಯದಾಗಿ, ಮನೆಯಲ್ಲಿ ಅಪ್ಪನದೋ ಮಾವನದೋ ಹಳೇ ಪುಸ್ತಕದ ಲೈಸೆನ್ಸ್ ಇದ್ದರೆ ಅದನ್ನೂ ಇದೇ ಪುಟದಲ್ಲಿ ಹುಡುಕಿ ನೋಡಿ. ಕಂಪ್ಯೂಟರ್ ಬರುವ ಮುಂಚೆ ಕೈಯಲ್ಲಿ ಬರೆದು ಕೊಟ್ಟ ಎಷ್ಟೋ ಲೈಸೆನ್ಸ್ ಸಾರಥಿಗೆ ಏರಿಲ್ಲ. ರಿನ್ಯೂ ಮಾಡಿಸಲು ಹೋದಾಗಲೇ ಅದು ತಿಳಿಯುವುದು. ಮೂಲ ಲೈಸೆನ್ಸ್ ಕೊಟ್ಟ ಆರ್‌ಟಿಒಗೆ ಆ ಪುಸ್ತಕ ತೆಗೆದುಕೊಂಡು ಹೋಗಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಕೊಡಿ ಎಂದು ಕೇಳಬೇಕು. ಪುಸ್ತಕದ ಎಲ್ಲ ಪುಟಗಳ ಜೆರಾಕ್ಸ್ ಮೊದಲೇ ಮಾಡಿಸಿಟ್ಟುಕೊಳ್ಳಿ, ಮಡಿಕೆಯಲ್ಲಿ ಹರಿದು ವರ್ಗದ ಸೀಲು ಮಾಸಿಹೋದ ಮೇಲೆ ಓದಿ ಏರಿಸಲು ಅವರಿಗೂ ಏನೂ ಉಳಿದಿರುವುದಿಲ್ಲ.